ಹೊಗೆ ಪೈಪು ಅಂದ್ರೆ ಅಷ್ಟೇನಾ ಭಾವ?

“ಅಲ್ಲ ಮಾರಾಯ್ರೆ, ಹೊಗೆ ಹೋಗೋ ಪೈಪಿಗೆ ಇಷ್ಟು ದಿನ ಕೂತು ಅಳತೆ ತೆಗೀಬೇಕಾ? ಪೇಟೆಗೆ ತಗೊಂಡು ಹೋದ್ರೆ ವೆಲ್ಡಿಂಗ್ ಶಾಪಲ್ಲಿ ಅರ್ಧ ಗಂಟೆ ಕೆಲಸ ಅಲ್ವಾ?”

ಬೇಲಿಯಾಚೆಯ ಭಾವ ಕೇಳಿದ್ದು ತಮ್ಮ ಸೋದರಳಿಯನ ವಿಷಯ. ಹುಡುಗ ಬೆಂಗಳೂರಿನ ಪೀಣ್ಯದಲ್ಲಿ ಆರ್ಗನ್ ವೆಲ್ಡಿಂಗ್ ಮಾಡುವವನು. ದೀಪಾವಳಿಗೆ ಬಾಳೆಹೊನ್ನೂರಿಗೆ ಬಂದವನು ಹಬ್ಬ ಮುಗಿದರೂ ಹೊರಟಿಲ್ಲ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಹಳೇ ಮಾರುತಿ ಜಿಪ್ಸಿಯ ಬಾನೆಟ್ ಬಿಚ್ಚಿಟ್ಟು ಅದಕ್ಕೊಂದು ಟರ್ಬೊ ಕೂರಿಸುವ ಕೆಲಸಕ್ಕೆ ಇಳಿದಿದ್ದಾನೆ. ಟರ್ಬೊ ಸಿಕ್ಕಿದೆ, ಇಂಟರ್‌ಕೂಲರ್ ಸಿಕ್ಕಿದೆ. ಇಂಜಿನ್ನಿನ ನಾಲ್ಕು ಬಾಯಿಂದ ಹೊಗೆಯನ್ನು ಟರ್ಬೊ ತನಕ ಒಯ್ಯುವ ಹೆಡರ್ ಮಾತ್ರ ಅಂಗಡಿಯಲ್ಲಿ ಸಿಗುವ ಮಾಲಲ್ಲ. ಅದನ್ನು ಕೈಯಲ್ಲೇ ಕಟ್ಟಬೇಕು. ಹುಡುಗ ಬೆಳಗ್ಗೆಯಿಂದ ಸ್ಕೇಲು, ಚಾಕ್‌ಪೀಸು ಹಿಡಿದು ಇಂಜಿನ್ನಿನ ಪಕ್ಕ ಕೂತಿರುವುದನ್ನು ನೋಡಿ ಭಾವನಿಗೆ ತಾಳ್ಮೆ ತಪ್ಪಿದೆ.

ಬಸ್ಸಿನ ವರ್ಕ್‌ಶಾಪಿನಲ್ಲೇ ಆಯುಷ್ಯ ಕಳೆದ ನನಗೆ ಆ ಪ್ರಶ್ನೆಯನ್ನು ಹಾಗೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಕೈಲಿದ್ದ ಕತ್ತಿಯನ್ನು ಬೇಲಿ ಗೂಟಕ್ಕೆ ಸಿಕ್ಕಿಸಿ ಅಲ್ಲೇ ನಿಂತೆ.

ಹೊಗೆ ಅಂತ ಒಂದೇ ಮಾತಲ್ಲಿ ತಳ್ಳಿಬಿಟ್ಟಿರಲ್ಲ ಭಾವ, ಅದರಲ್ಲಿ ಏನೇನು ಹೋಗ್ತದೆ ಅಂತ ಲೆಕ್ಕ ಹಾಕಿ. ನೀವು ಟ್ಯಾಂಕಿಗೆ ಹಾಕಿಸಿದ ಪೆಟ್ರೋಲಿನ ಶಕ್ತಿಯಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಆ ಹೊಗೆಯಲ್ಲೇ ಹೊರಗೆ ಹೋಗ್ತದೆ. ಗಾಡಿ ಎಳೆಯೋಕೆ ಸಿಗೋದೂ ಹೆಚ್ಚುಕಮ್ಮಿ ಅಷ್ಟೇ. ಉಳಿದದ್ದು ರೇಡಿಯೇಟರಿನ ನೀರು ಕಾಯಿಸೋಕೆ. ಪೂರ್ತಿ ಲೋಡಿನಲ್ಲಿ ಪೆಟ್ರೋಲ್ ಟರ್ಬೊ ಇಂಜಿನ್ನಿನ ಹೊಗೆ 900, 950 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕೊಳವೆ ಕೆಂಪಗೆ ಕಾಣ್ತದೆ. ಅಷ್ಟು ಬಿಸಿ, ಅಷ್ಟು ಒತ್ತಡ ಇರೋದನ್ನ ಸುಮ್ಮನೆ ಗಾಳಿಗೆ ಬಿಡೋ ಬದಲು ಒಂದು ಪುಟ್ಟ ಚಕ್ರದ ಮೇಲೆ ಹಾಯಿಸಿದ್ರೆ ಆ ಚಕ್ರ ತಿರುಗ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿನೊಳಗೆ ತುಂಬ್ತದೆ. ಟರ್ಬೊ ಅಂದ್ರೆ ಅಷ್ಟೇ. ಚಿಕ್ಕ ಟರ್ಬೊ ನಿಮಿಷಕ್ಕೆ ಒಂದು ಲಕ್ಷ, ಎರಡು ಲಕ್ಷ ಸುತ್ತು ಹಾಕ್ತದೆ. ಆ ವೇಗ ಅದಕ್ಕೆ ಎಷ್ಟು ಬೇಗ ಬರಬೇಕು, ಎಷ್ಟು ಸಲೀಸಾಗಿ ಬರಬೇಕು ಅನ್ನೋದನ್ನ ತೀರ್ಮಾನ ಮಾಡೋದು ನಿಮ್ಮ ಹುಡುಗ ಅಳತೆ ತೆಗೀತಿರೋ ಆ ನಾಲ್ಕು ಕೊಳವೆ.

“ಹಂಗಾದ್ರೆ ಪುಕ್ಕಟೆ ಶಕ್ತಿ ಅನ್ನಿ.”

ಪೂರ್ತಿ ಪುಕ್ಕಟೆ ಅಲ್ಲ ಭಾವ. ಟರ್ಬೈನು ದಾರಿಗೆ ಅಡ್ಡ ನಿಂತಿರೋದ್ರಿಂದ ಕೊಳವೆಯೊಳಗೆ ಒತ್ತಡ ಏರ್ತದೆ. ಪಿಸ್ಟನ್ನು ಆ ಒತ್ತಡಕ್ಕೆ ಎದುರಾಗಿ ಹೊಗೆಯನ್ನ ತಳ್ಳಬೇಕು. ಹೆಡರ್ ಸರಿಯಾಗಿ ಕಟ್ಟಿದ್ರೆ ಆ ತಳ್ಳಾಟ ಕಮ್ಮಿ, ಚಕ್ರಕ್ಕೆ ಸಿಗೋ ಬಲ ಜಾಸ್ತಿ. ಕೆಟ್ಟದಾಗಿ ಕಟ್ಟಿದ್ರೆ ಎರಡೂ ಉಲ್ಟಾ.

ಇದು ನಿನ್ನೆ ಮೊನ್ನೆಯ ವಿದ್ಯೆ ಅಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಅನ್ನೋ ಇಂಜಿನಿಯರು ಟರ್ಬೊಗೆ ಪೇಟೆಂಟ್ ತಗೊಂಡಿದ್ದು 1905ರಲ್ಲಿ. ಆದರೆ ಟರ್ಬೊದ ದಾರಿ ನಿಜವಾಗಿ ತೆರೆದದ್ದು ಅವರ ಇನ್ನೊಂದು ಪೇಟೆಂಟು. ನಮ್ಮ ಸೀಗೋಡಿನ ಕಾಫಿ ಸಂಶೋಧನಾ ಕೇಂದ್ರ ಪ್ರಯೋಗ ಕೇಂದ್ರವಾಗಿ ಶುರುವಾಯ್ತಲ್ಲ 1925ರಲ್ಲಿ, ಅದೇ ವರ್ಷದ್ದು ಅದು. ಅದರ ವಿಷಯ ಏನು ಗೊತ್ತಾ? ಹೊಗೆ ಕೊಳವೆ. ಎಲ್ಲಾ ಸಿಲಿಂಡರುಗಳ ಹೊಗೆಯನ್ನ ಒಂದೇ ಪಾತ್ರೆಗೆ ಸುರೀಬೇಡಿ, ಒಂದರ ಸರದಿಗೆ ಇನ್ನೊಂದು ಅಡ್ಡ ಬರದ ಹಾಗೆ ಸಿಲಿಂಡರುಗಳನ್ನ ಜೋಡಿ ಮಾಡಿ ಬೇರೆ ಬೇರೆ ಕೊಳವೆಯಲ್ಲಿ ಟರ್ಬೈನಿನ ಬಾಗಿಲಿಗೆ ತನ್ನಿ ಅನ್ನೋದು ಅವರ ಮಾತು. ಅದೇ ಕಾಲಕ್ಕೆ ಜರ್ಮನಿಯ ‘ಪ್ರಾಯ್ಸೆನ್’, ‘ಹಾನ್ಸೆಸ್ಟಾಟ್ ಡಾನ್ಸಿಗ್’ ಅನ್ನೋ ಎರಡು ಹಡಗುಗಳ ಹತ್ತು ಸಿಲಿಂಡರಿನ ಡೀಸೆಲ್ ಇಂಜಿನ್ನುಗಳಿಗೆ ಟರ್ಬೊ ಕೂರಿಸಿದಾಗ 1750 ಅಶ್ವಶಕ್ತಿ ಇದ್ದದ್ದು 2500 ಆಯ್ತು. ನೂರು ವರ್ಷದ ಹಿಂದೆಯೇ ಒಬ್ಬ ಬುದ್ಧಿವಂತ ಮನುಷ್ಯ ತಲೆ ಕೆಡಿಸಿಕೊಂಡದ್ದು ಈ ಪೈಪಿಗೇ ಭಾವ. ನಿಮ್ಮ ಅಳಿಯ ಎರಡು ದಿನ ಹೆಚ್ಚು ತಗೊಂಡ್ರೆ ತಗೊಳ್ಳಲಿ.

ಭಾವ ಬೇಲಿಗೆ ಆತುಕೊಂಡರು. “ಸರದಿ ಅಂದ್ರೆ ಎಂತದು? ನಾಲ್ಕೂ ಒಟ್ಟಿಗೆ ಹೊಗೆ ಬಿಡೋದಿಲ್ವಾ?”

ಇಲ್ಲ. ಜಿಪ್ಸಿಯದ್ದು 1298 ಸಿಸಿಯ ನಾಲ್ಕು ಸಿಲಿಂಡರಿನ ಇಂಜಿನ್ನು. ಅದರಲ್ಲಿ ಬೆಂಕಿ ಹೊತ್ತೋ ಕ್ರಮ ಒಂದು, ಮೂರು, ನಾಲ್ಕು, ಎರಡು. ಇಂಜಿನ್ನು ಅರ್ಧ ಸುತ್ತು ತಿರುಗಿದಾಗೆಲ್ಲ ಒಂದೊಂದು ಸಿಲಿಂಡರು ಬಾಯಿ ತೆರೀತದೆ. 3000 ಆರ್‌ಪಿಎಂನಲ್ಲಿ ಅಂದ್ರೆ ಸೆಕೆಂಡಿನ ನೂರನೇ ಒಂದು ಪಾಲಿಗೆ ಒಂದು ಸಲ. ತೆರೆದ ವಾಲ್ವು ಮುಚ್ಚೋದು ಮಾತ್ರ ಅರ್ಧ ಸುತ್ತಿಗಲ್ಲ, ಅದಕ್ಕಿಂತ ಸುಮಾರು ಹೊತ್ತು ತೆರೆದೇ ಇರ್ತದೆ. ತಕರಾರು ಇರೋದೇ ಇಲ್ಲಿ. ಒಂದನೇ ಸಿಲಿಂಡರು ಹೊಗೆ ಬಿಟ್ಟು ಮುಗಿಸ್ತಾ ಇದೆ, ಒತ್ತಡ ಇಳಿದಿದೆ, ಆ ಕಡೆಯಿಂದ ಹೊಸ ಗಾಳಿ ಒಳಗೆ ಬರೋಕೆ ಇನ್‌ಟೇಕ್ ವಾಲ್ವೂ ಸ್ವಲ್ಪ ತೆರೆದಿದೆ. ಆ ಗಳಿಗೆಯಲ್ಲೇ ಮೂರನೆಯದು ಬಾಯಿ ತೆರೆದು ಪೂರ್ತಿ ರಭಸದಲ್ಲಿ ಹೊಗೆ ಉಗುಳ್ತದೆ. ಎರಡಕ್ಕೂ ಒಂದೇ ಕೊಳವೆ ಇದ್ರೆ ಮೂರರ ಹೊಗೆ ಹೋಗೋದು ಎಲ್ಲಿಗೆ? ಅರ್ಧ ಟರ್ಬೊಗೆ, ಅರ್ಧ ಹಿಂದಕ್ಕೆ ಒಂದನೇ ಸಿಲಿಂಡರಿಗೆ. ನಿಮ್ಮ ಅಡಿಕೆ ತೋಟದಲ್ಲಿ ಆಷಾಢದ ಮಳೆಗೆ ಒಂದು ಬಸಿಗಾಲುವೆ ನೆಟ್ಟಗೆ ಬಂದು ಇನ್ನೊಂದಕ್ಕೆ ಅಡ್ಡ ಬಡಿದ್ರೆ ನೀರು ಕೆಳಗೆ ಹೋಗೋ ಬದಲು ಪಕ್ಕದ ಕಾಲುವೆಗೆ ಹಿಂದೆ ನುಗ್ಗಿ ಅಲ್ಲಿಯ ಮರದ ಬುಡ ಮುಳುಗಿಸ್ತದಲ್ಲ, ನೀವೇ ಗುದ್ದಲಿ ಹಿಡಿದು ಓರೆ ಮಾಡಿ ಸರಿಪಡಿಸಿದ್ರಲ್ಲ ಕಳೆದ ಮಳೆಗಾಲ? ಅದೇ ಲೆಕ್ಕ ಇಲ್ಲೂ.

ಹಿಂದೆ ನುಗ್ಗಿದ ಬಿಸಿ ಹೊಗೆ ಸಿಲಿಂಡರಿನಲ್ಲಿ ಉಳಿದ್ರೆ ಹೊಸ ಗಾಳಿಗೆ ಜಾಗ ಕಮ್ಮಿ. ಒಳಗಿನ ಬಿಸಿಗೆ ಪೆಟ್ರೋಲು ಹೊತ್ತಬಾರದ ಹೊತ್ತಿಗೆ ಹೊತ್ತಿ ಟಕಟಕ ನಾಕಿಂಗು ಶುರುವಾಗ್ತದೆ. ಪಿಸ್ಟನ್ ಒಡೆಯೋದು ಹೀಗೇ. ಅದಕ್ಕೇ ಒಂದನ್ನೂ ನಾಲ್ಕನ್ನೂ ಒಂದು ಜೋಡಿ, ಎರಡನ್ನೂ ಮೂರನ್ನೂ ಇನ್ನೊಂದು ಜೋಡಿ ಮಾಡೋದು. ಆ ಜೋಡಿಯೊಳಗೆ ಒಂದಕ್ಕೊಂದು ಪೂರ್ತಿ ಒಂದು ಸುತ್ತಿನ ಅಂತರ ಇರ್ತದೆ, ಯಾರ ಹೊಗೆಗೂ ಯಾರೂ ಅಡ್ಡ ಬರೋದಿಲ್ಲ. ಟ್ವಿನ್ ಸ್ಕ್ರಾಲ್ ಅಂತ ಎರಡು ಬಾಯಿಯ ಟರ್ಬೊ ಬರೋದು ಈ ಎರಡು ಜೋಡಿಯನ್ನ ಕೊನೇ ತನಕ ಬೇರೆಯಾಗೇ ಇಡೋಕೆ. ನಮ್ಮ ಬಸ್ಸು ಲಾರಿಯ ಆರು ಸಿಲಿಂಡರಿನ ಇಂಜಿನ್ನಿನಲ್ಲಿ ಇದು ಇನ್ನೂ ಸಲೀಸು. ಮುಂದಿನ ಮೂರು ಒಂದು ಗುಂಪು, ಹಿಂದಿನ ಮೂರು ಒಂದು ಗುಂಪು. ಮ್ಯಾನಿಫೋಲ್ಡು, ಅಂದ್ರೆ ಕಂಪನಿ ಹಾಕಿದ ಹೆಡರು, ಬಿಚ್ಚಿ ಟರ್ಬೊ ಕೂರೋ ಬಾಯಿ ನೋಡಿದ್ರೆ ಎಷ್ಟೋ ಇಂಜಿನ್ನುಗಳಲ್ಲಿ ನಡುವೆ ಒಂದು ಗೋಡೆ ಇರ್ತದೆ. ಆ ಗೋಡೆ ಬಿರುಕು ಬಿಟ್ಟ ಮ್ಯಾನಿಫೋಲ್ಡನ್ನ ‘ನಡೀತದೆ ಬಿಡಿ’ ಅಂತ ಹಾಗೇ ಹಾಕೋರಿದ್ದಾರೆ. ಸಣ್ಣ ಬಿರುಕಾದ್ರೆ ಗಾಡಿ ನಡೆಯೋದು ನಿಜ. ಗೋಡೆ ತುಂಡಾಗಿ ಚೂರು ಟರ್ಬೈನಿಗೆ ಹೋದ್ರೆ ಟರ್ಬೊ ಮುಗೀತು.

“ಹುಡುಗ ಮೊಬೈಲಲ್ಲಿ ಒಂದು ಚಿತ್ರ ತೋರಿಸಿದ” ಅಂದರು ಭಾವ. “ನಾಲ್ಕು ಪೈಪು ಸುತ್ತಿ ಬಳಸಿ ಉದ್ದುದ್ದ ಹೋಗಿದ್ದಾವೆ, ಫಳಫಳ ಹೊಳೀತದೆ. ಚೆಂದ ಇತ್ತು.”

ಚೆಂದ ಇರ್ತದೆ. ಆದರೆ ಅದು ನಮ್ಮ ರಸ್ತೆಗೆ ಆಗಿಬರೋದಲ್ಲ. ಹುಡುಗನಿಗೂ ಮೊನ್ನೆ ಇದನ್ನೇ ಹೇಳಿದ್ದೀನಿ. ಟರ್ಬೊ ಇಲ್ಲದ ರೇಸ್ ಇಂಜಿನ್ನಿಗೆ ಉದ್ದ ಕೊಳವೆ ಬೇಕು. ಅಲ್ಲಿ ಹೊಗೆಯ ಅಲೆ ಕೊಳವೆ ತುದಿಗೆ ಹೋಗಿ ವಾಪಸು ಬರುವಾಗ ಸಿಲಿಂಡರಿನಿಂದ ಉಳಿದ ಹೊಗೆಯನ್ನ ಎಳಕೊಂಡು ಹೋಗ್ತದೆ, ಅದಕ್ಕೇ ಉದ್ದದ ಲೆಕ್ಕ. ಟರ್ಬೊ ಇಂಜಿನ್ನಿನಲ್ಲಿ ಬೇಕಾದ್ದು ಬೇರೆ. ಹೊಗೆ ತನ್ನ ಬಿಸಿ, ವೇಗ, ಒತ್ತಡ ಮೂರನ್ನೂ ಕಳಕೊಳ್ಳದೆ ಟರ್ಬೈನು ಮುಟ್ಟಬೇಕು. ದಾರಿ ಉದ್ದ ಆದಷ್ಟೂ ಬಿಸಿ ಗೋಡೆಗೆ ಹೋಗ್ತದೆ. ದಾರಿ ಅಗಲ ಆದಷ್ಟೂ ವೇಗ ಇಳೀತದೆ.

ಒಂದು ಲೆಕ್ಕ ಹೇಳ್ತೀನಿ ಕೇಳಿ. ಹುಡುಗ ತಂದಿಟ್ಟಿರೋದು ಒಂದೂಕಾಲು ಇಂಚಿನ ಸ್ಕೆಡ್ಯೂಲ್ 10 ಪೈಪು. ಒಳಗಿನ ವ್ಯಾಸ 36.6 ಮಿ.ಮೀ. ಒಂದೊಂದು ಕೊಳವೆ ಒಂದಡಿ, ಅಂದ್ರೆ 30 ಸೆಂ.ಮೀ. ಉದ್ದ ಇಟ್ರೆ ನಾಲ್ಕೂ ಸೇರಿ ಒಳಗಿನ ಜಾಗ ಒಂದೂಕಾಲು ಲೀಟರು. ಹೆಚ್ಚುಕಮ್ಮಿ ಇಂಜಿನ್ನಿನಷ್ಟೇ. ಅದೇ ಚಿತ್ರದಲ್ಲಿರೋ ಹಾಗೆ ಒಂದೂವರೆ ಇಂಚಿನ ಪೈಪು, ಎರಡೆರಡು ಅಡಿ ಉದ್ದ ಅಂತ ಹೋದ್ರೆ ಸುಮಾರು ಮೂರೂವರೆ ಲೀಟರು ಆಗ್ತದೆ. ನೀವು ಆಕ್ಸಿಲರೇಟರು ಒತ್ತಿದ ಕೂಡಲೇ ಆ ಮೂರೂವರೆ ಲೀಟರು ಜಾಗದಲ್ಲಿ ಮೊದಲು ಒತ್ತಡ ಏರಬೇಕು, ಆಮೇಲೆ ಟರ್ಬೈನಿಗೆ ಅದರ ಬಲ ಸಿಗಬೇಕು. ಡ್ರ್ಯಾಗ್ ರೇಸಿಗೆ ನೆಟ್ಟಗಿರೋ ರಸ್ತೆಯಲ್ಲಿ ಇಂಜಿನ್ನನ್ನ ಮೇಲಿನ ಆರ್‌ಪಿಎಂನಲ್ಲೇ ಹಿಡಿದಿಟ್ಟುಕೊಂಡು ಹೋಗೋರಿಗೆ ಅದು ತೊಂದರೆ ಇಲ್ಲ. ಅಲ್ಲಿ ದೊಡ್ಡ ಕೊಳವೆಯೇ ಬೇಕು, ಚಿಕ್ಕದು ಉಸಿರು ಕಟ್ಟಿಸ್ತದೆ. ನಮ್ಮದು ಯಾವ ರಸ್ತೆ? ಆಲ್ದೂರು ಕಡೆ ಹೋಗಿ, ಜಯಪುರದ ಮೇಲೆ ಕೊಪ್ಪಕ್ಕೆ ಹೋಗಿ, ಮಾಗುಂಡಿ ಕಡೆಯಿಂದ ಕಳಸಕ್ಕೆ ಹೋಗಿ, ಎಲ್ಲಿ ಹೋದ್ರೂ ತಿರುವು. ತಿರುವಿನಲ್ಲಿ ಗೇರು ಇಳಿಸ್ತೀರಿ, ಇಂಜಿನ್ನು ಎರಡು ಸಾವಿರಕ್ಕೆ ಇಳಿದಿರ್ತದೆ, ತಿರುವು ಬಿಟ್ಟ ಕೂಡಲೇ ಏರು. ಆ ಗಳಿಗೆಯಲ್ಲಿ ಪಿಕಪ್ಪು ಬರಬೇಕು. ಎರಡು ಸೆಕೆಂಡು ತಡವಾಗಿ ಬಂದ್ರೆ ಅಷ್ಟೊತ್ತಿಗೆ ಮುಂದಿನ ತಿರುವಿಗೆ ಬ್ರೇಕು ಹಿಡಿದಿರ್ತೀರಿ.

1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿ, 2020ರ ತನಕ ನಡೆಸಿದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳಲ್ಲಿ ನೀವೂ ಓಡಾಡಿದ್ದೀರಿ. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ರೆ ನೆನಪಿರಬಹುದು: ತುಂಬಿದ ಬಸ್ಸು ಏರಿನ ತಿರುವು ಕಳೆದು ಎದ್ದು ನಿಲ್ಲೋಕೆ ಡ್ರೈವರ್ ಕಾಯೋದು ಆ ಒಂದು ಗಳಿಗೆಗೇ. ಮಲೆನಾಡಿನಲ್ಲಿ ಇಂಜಿನ್ನಿನ ಒಳ್ಳೇತನ ಗೊತ್ತಾಗೋದು ಎರಡನೇ ಗೇರಿನಲ್ಲಿ. ಹಾಗಾಗಿ ನನ್ನ ತೀರ್ಮಾನ ಇದು ಭಾವ: ಇಲ್ಲಿಗೆ ಗಿಡ್ಡ ಕೊಳವೆ, ದಪ್ಪ ಗೋಡೆ, ಇಂಜಿನ್ನಿನ ಪೋರ್ಟಿಗಿಂತ, ಅಂದ್ರೆ ಹೊಗೆ ಬಿಡೋ ತೂತಿಗಿಂತ, ಕೂದಲೆಳೆಯಷ್ಟು ಮಾತ್ರ ದೊಡ್ಡ ಬಾಯಿ. ನಾಲ್ಕರ ಉದ್ದವೂ ಮಿಲಿಮೀಟರಿಗೆ ಸರಿಯಾಗಿ ಒಂದೇ ಇರಬೇಕು ಅಂತ ಹಟ ಬೇಡ. ಉದ್ದ ಸಮ ಮಾಡೋಕೆ ಹೋಗಿ ಎರಡು ಬೆಂಡು ಜಾಸ್ತಿ ಹಾಕಿದ್ರೆ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಎರಡು ಕೊಳವೆ ಕೂಡೋ ಜಾಗ ಮಾತ್ರ ಓರೆಯಾಗಿ, ಒಂದೇ ದಿಕ್ಕಿಗೆ ಮುಖ ಮಾಡಿ ಕೂಡಬೇಕು. ಅಲ್ಲಿ ಲಂಬ ಕೋನ ಬಂತೋ, ಮಾಡಿದ್ದೆಲ್ಲ ಹಾಳು.

ಎತ್ತರದ ಮಾತೂ ಇದೆ. ಸಾವಿರ ಮೀಟರು ಮೇಲೇರಿದ್ರೆ ಗಾಳಿ ಹತ್ತರಲ್ಲಿ ಒಂದು ಪಾಲು ತೆಳುವಾಗ್ತದೆ. ಟರ್ಬೊ ಇಲ್ಲದ ಜೀಪು ಮುಳ್ಳಯ್ಯನಗಿರಿ ಕಡೆ ಏದುಸಿರು ಬಿಡೋದು ಅದಕ್ಕೇ. ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ವಿಮಾನದ ಲಿಬರ್ಟಿ ಇಂಜಿನ್ನನ್ನ ಪೈಕ್ಸ್ ಪೀಕ್ ಅನ್ನೋ 4300 ಮೀಟರ್ ಎತ್ತರದ ಗುಡ್ಡದ ತುದಿಗೆ ಹೊತ್ತುಕೊಂಡು ಹೋಗಿ ಟರ್ಬೊ ಹಾಕಿ ಓಡಿಸಿ ತೋರಿಸಿದ್ದು ಈ ತೆಳುಗಾಳಿಯನ್ನ ಗೆಲ್ಲೋಕೆ. ಗುಡ್ಡಗಾಡಿನವರಿಗೆ ಟರ್ಬೊ ಶೋಕಿ ಅಲ್ಲ ಅಂತ ಹೇಳೋಕೆ ಇಷ್ಟು ಸಾಕು.

ಅಕ್ಕ ಒಳಗಿಂದ ಎರಡು ಲೋಟ ಕಾಫಿ ತಂದು ಬೇಲಿಯ ಮೇಲಿಂದ ಒಂದನ್ನು ನನಗೆ ಕೊಟ್ಟರು. ಶೆಡ್ಡಿನಲ್ಲಿ ಗ್ರೈಂಡರಿನ ಸದ್ದು ಶುರುವಾಗಿತ್ತು. ಭಾವ ಆ ಕಡೆ ನೋಡಿ, “ಟರ್ಬೊನ ಇಂಜಿನ್ ಹತ್ರ ಹಗ್ಗ ಕಟ್ಟಿ ನೇತು ಹಾಕಿದ್ದಾನೆ ಮಾರಾಯ್ರೆ, ನಿನ್ನೆಯಿಂದ ಅದನ್ನ ಆಚೆ ಈಚೆ ಸರಿಸ್ತಾನೇ ಇದ್ದಾನೆ” ಅಂದರು.

ಅದೇ ಸರಿಯಾದ ಕ್ರಮ. ಪೈಪು ಕತ್ತರಿಸೋಕೆ ಮುಂಚೆ ಟರ್ಬೊದ ಜಾಗ ಗಟ್ಟಿಯಾಗಬೇಕು. ಟರ್ಬೊದ ಬೇರಿಂಗಿಗೆ ಇಂಜಿನ್ ಆಯಿಲು ಒತ್ತಡದಲ್ಲಿ ಬರ್ತದೆ, ಆದರೆ ವಾಪಸು ಹೋಗೋದು ತನ್ನ ಭಾರಕ್ಕೆ ತಾನೇ ಇಳಿದು. ಹಾಗಾಗಿ ಟರ್ಬೊ ಸಂಪಿನ ಆಯಿಲ್ ಮಟ್ಟಕ್ಕಿಂತ ಮೇಲಿರಬೇಕು, ವಾಪಸಿನ ಪೈಪು ದಪ್ಪಗೆ, ಎಲ್ಲೂ ತಗ್ಗು ಬೀಳದೆ ಇಳಿಜಾರಾಗಿ ಇರಬೇಕು. ಇಲ್ಲಾಂದ್ರೆ ಆಯಿಲು ಸೀಲು ದಾಟಿ ಎಕ್ಸಾಸ್ಟಿಗೆ ಬಂದು ನೀಲಿ ಹೊಗೆ. ಆಮೇಲೆ ಸ್ಟೀರಿಂಗ್ ಶಾಫ್ಟು, ಬ್ರೇಕ್ ಪೈಪು, ವೈರಿಂಗು ಇವೆಲ್ಲದರಿಂದ ದೂರ. ಬೆಂದು ಕೆಂಪಾಗೋ ಸಾಮಾನಿನ ಪಕ್ಕ ಬ್ರೇಕ್ ಆಯಿಲ್ ಪೈಪು ಇದ್ರೆ ಘಾಟಿ ಇಳಿಯುವಾಗ ಪ್ರಾಣಕ್ಕೇ ಕುತ್ತು. ಮತ್ತೊಂದು, ಪ್ರತಿಯೊಂದು ನಟ್ಟಿಗೂ ಸ್ಪ್ಯಾನರು ಹೋಗೋಕೆ ಜಾಗ. ಡ್ರಾಯಿಂಗಿನಲ್ಲಿ ಬಹಳ ಚೆನ್ನಾಗಿ ಕಾಣೋ ಹೆಡರು ನಾಲ್ಕನೇ ಸಿಲಿಂಡರಿನ ಕೆಳಗಿನ ನಟ್ಟು ಬಿಗಿಯೋಕೆ ಆಗದೆ ಗುಜರಿ ಸೇರೋದುಂಟು. ಕಟ್ಟೋನು ಮುಂದೆ ಬಿಚ್ಚೋನ ಕೈಯನ್ನೂ ಯೋಚನೆ ಮಾಡಬೇಕು.

“ಪೈಪು ಎಸ್ಸೆಸ್ಸೇ ಬೇಕಂತೆ. ಎಂಎಸ್ ಸಾಲ್ದಾ?”

ಸಾಲೋದಿಲ್ಲ. ಎಂಎಸ್, ಅಂದ್ರೆ ಮಾಮೂಲಿ ಉಕ್ಕಿನ ಪೈಪು ಆರುನೂರು ಡಿಗ್ರಿ ದಾಟಿದ ಮೇಲೆ ಬೇಗ ಬೇಗ ಹಕ್ಕಳೆ ಏಳ್ತದೆ. ಆ ಹಕ್ಕಳೆ ಕಳಚಿ ಲಕ್ಷ ಸುತ್ತಿನಲ್ಲಿ ತಿರುಗ್ತಿರೋ ಟರ್ಬೈನಿಗೆ ಬಡಿದ್ರೆ ಎಲೆಗಳು ಮುಕ್ಕಾಗ್ತವೆ. ಕಂಪನಿಯವರು ಹೆಡರನ್ನ ಬೀಡು ಕಬ್ಬಿಣದಲ್ಲೇ ಎರಕ ಹೊಯ್ತಾರೆ. ಅದೂ ಬರೀ ಬೀಡಲ್ಲ, ಸಿಲಿಕಾನು ನಾಲ್ಕು ಪರ್ಸೆಂಟಿನಷ್ಟು, ಜೊತೆಗೆ ಸ್ವಲ್ಪ ಮಾಲಿಬ್ಡಿನಮ್ಮು ಸೇರಿಸಿದ ಬೀಡು. ಅದು 800 ಡಿಗ್ರಿ ದಾಟಿದ್ರೂ ತಡೀತದೆ. ಡೀಸೆಲ್ ಇಂಜಿನ್ನಿನ ಹೊಗೆ ಅಷ್ಟು ಬಿಸಿ ಆಗದ ಕಾರಣ ಅದಕ್ಕೆ ಬೇಕಾದಷ್ಟಾಯ್ತು. ಪೆಟ್ರೋಲಿಗೆ ನಿಕ್ಕಲ್ ಹೆಚ್ಚಿರೋ ಎರಕ, ಇಲ್ಲಾ ಸ್ಟೇನ್‌ಲೆಸ್ ಎರಕ. ಶಿವಮೊಗ್ಗದಲ್ಲಿ, ಬೆಳಗಾವಿಯಲ್ಲಿ ಗಾಡಿ ಸಾಮಾನು ಎರಕ ಹೊಯ್ಯೋ ಒಳ್ಳೊಳ್ಳೆ ಫೌಂಡ್ರಿಗಳಿದ್ದಾವೆ. ಆದರೆ ಎರಕಕ್ಕೆ ಅಚ್ಚು ಮಾಡಬೇಕು, ಸಾವಿರಗಟ್ಟಲೆ ತೆಗೆದ್ರೆ ಮಾತ್ರ ಖರ್ಚು ಗಿಟ್ಟೋದು. ಒಂದೇ ಒಂದು ಬೇಕು ಅನ್ನೋನು ಪೈಪು ಕತ್ತರಿಸಿ ಬೆಸೆಯಲೇಬೇಕು.

ಅದಕ್ಕೆ 304 ಅನ್ನೋ ಎಸ್ಸೆಸ್ಸು, ಅಂದ್ರೆ ಸ್ಟೇನ್‌ಲೆಸ್ ಸ್ಟೀಲು, ಎಲ್ಲಾ ಕಡೆ ಸಿಗ್ತದೆ. ಕ್ರೋಮಿಯಂ 18, ನಿಕ್ಕಲ್ 8 ಪರ್ಸೆಂಟು. ಅದರ ದೋಷ ಏನು ಅಂದ್ರೆ 425ರಿಂದ 860 ಡಿಗ್ರಿ ನಡುವೆ ಬಹಳ ಹೊತ್ತು ಇದ್ದಾಗ ಒಳಗಿನ ಇಂಗಾಲ ಕ್ರೋಮಿಯಮ್ಮನ್ನ ಕಟ್ಟಿಕೊಂಡು ಕಣಗಳ ಅಂಚಿಗೆ ಸೇರ್ತದೆ. ಅಂಚು ಸೊರಗಿ, ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡ್ತದೆ. 321ರಲ್ಲಿ ಟೈಟಾನಿಯಂ ಇರೋದ್ರಿಂದ ಇಂಗಾಲ ಅದನ್ನ ಹಿಡಕೊಳ್ತದೆ, ಕ್ರೋಮಿಯಂ ಉಳೀತದೆ. ದುಡ್ಡಿದ್ರೆ 321 ತಗೋ ಅಂತ ಹುಡುಗನಿಗೆ ಹೇಳಿದೆ. ಅವನು 304 ಎಲ್, ಅಂದ್ರೆ ಇಂಗಾಲ ಕಮ್ಮಿ ಇರೋದು ತಂದಿದ್ದಾನೆ. ಅರ್ಧ ಬಾರ್ ಒತ್ತಡ ಇಟ್ಟು ಓಡಿಸ್ತೀನಿ ಅಂತಾನೆ, ಅಷ್ಟಕ್ಕೆ ಸಾಕು. ಗೋಡೆ ದಪ್ಪ 2.77 ಮಿ.ಮೀ. ಇದೆ, ತೆಳು ಪೈಪು ತಂದಿಲ್ಲ ಅನ್ನೋದೇ ನನಗೆ ಸಮಾಧಾನ. ಟರ್ಬೊದ ಅಷ್ಟೂ ಭಾರ ಹೆಡರಿಗೇ ಜೋತುಬಿದ್ದಿರ್ತದಲ್ಲ. ಕಲ್ಲು ರಸ್ತೆಯಲ್ಲಿ ಕುಲುಕಿದ್ರೆ ತೆಳು ಪೈಪು ಬುಡದಲ್ಲೇ ಸೀಳ್ತದೆ. ಬ್ಲಾಕಿನಿಂದ ಒಂದು ಆಸರೆ ಪಟ್ಟಿ ಕೊಡು, ಅದು ಬಿಸಿಗೆ ಸ್ವಲ್ಪ ಸರಿಯೋ ಹಾಗಿರಲಿ ಅಂತಲೂ ಹೇಳಿದ್ದೀನಿ.

ಬಿಸಿಗೆ ಸರಿಯೋದು ಅಂದ್ರೆ ಎಷ್ಟು ಅಂತ ನಿಮಗೆ ನಂಬಿಕೆ ಬರೋದಿಲ್ಲ. 40 ಸೆಂ.ಮೀ. ಉದ್ದದ ಎಸ್ಸೆಸ್ ಪೈಪು 800 ಡಿಗ್ರಿ ಏರಿದ್ರೆ ಆರು ಮಿಲಿಮೀಟರಿನ ಹತ್ತಿರ ಉದ್ದ ಆಗ್ತದೆ. ಅದನ್ನ ಬೋಲ್ಟು ಹಾಕಿ ಕಟ್ಟಿಟ್ಟಿದ್ದೀರಿ ಇಂಜಿನ್ನಿನ ಹೆಡ್ಡಿಗೆ. ಹೆಡ್ಡು ನೂರು ಡಿಗ್ರಿ ಚಿಲ್ಲರೆಯಲ್ಲೇ ಇದೆ, ಅದು ಅಷ್ಟು ಹಿಗ್ಗೋದಿಲ್ಲ. ಹಿಗ್ಗೋಕೆ ಜಾಗ ಇಲ್ಲದ ಪೈಪು ಬಗ್ಗಬೇಕು, ಇಲ್ಲಾ ಬಿರುಕಬೇಕು, ಇಲ್ಲಾ ಸ್ಟಡ್ಡು ಮುರೀಬೇಕು. ಅದಕ್ಕೇ ತಿಳಿದೋರು ಕೊಳವೆಗಳನ್ನ ಹೆಡ್ಡಿಗೆ ಕೂರಿಸೋ ತಟ್ಟೆಯನ್ನ, ಅಂದ್ರೆ ಫ್ಲಾಂಜನ್ನ, ಪೋರ್ಟು ಪೋರ್ಟಿನ ನಡುವೆ ಸೀಳಿಬಿಡ್ತಾರೆ, ಬೋಲ್ಟಿನ ತೂತು ಸ್ವಲ್ಪ ಉದ್ದಕ್ಕೆ ಕೊರೀತಾರೆ. ಕೊಳವೆಯಲ್ಲಿ ಒಂದು ಬೆಂಡು ಇರೋದೂ ಒಳ್ಳೇದೇ, ಹಿಗ್ಗಿದ್ದನ್ನ ಅದು ನುಂಗಿಕೊಳ್ತದೆ. ಎರಡು ಫ್ಲಾಂಜಿನ ನಡುವೆ ಸೂಜಿಯಷ್ಟು ನೆಟ್ಟಗಿರೋ ಪೈಪು ಬೇಡವೇ ಬೇಡ. ನಮ್ಮಲ್ಲಿ ಇನ್ನೊಂದು ಗಂಡಾಂತರ ಮಳೆಗಾಲದ ಹಳ್ಳ. ಕೆಂಪಗೆ ಕಾದ ಹೆಡರು ಹಳ್ಳ ದಾಟುವಾಗ ಒಮ್ಮೆಲೇ ತಣ್ಣೀರು ಕುಡಿದ್ರೆ ಬೀಡಾದ್ರೂ ಬಿರೀತದೆ, ಎಸ್ಸೆಸ್ಸಾದ್ರೂ ತಿರುಚಿಕೊಳ್ತದೆ. ಕೆಳಗೆ ಒಂದು ತಗಡಿನ ಮರೆ ಕೊಡಲೇಬೇಕು.

ಬೆಸುಗೆಯ ವಿಷಯಕ್ಕೆ ಬಂದ್ರೆ ನನಗೆ ಆ ಹುಡುಗನ ಮೇಲೆ ಗೌರವ ಭಾವ. ಎಲ್ಬೋಗಳನ್ನ ಬೇಕಾದ ಕೋನಕ್ಕೆ ಕತ್ತರಿಸಿ, ಅಂಚನ್ನ ಅರ ಹಾಕಿ ತಿಕ್ಕಿ, ಬೆಳಕಿಗೆ ಹಿಡಿದು ನೋಡ್ತಾನೆ. ಎರಡು ತುಂಡಿನ ನಡುವೆ ಬೆಳಕು ಕಂಡ್ರೆ ಮತ್ತೆ ತಿಕ್ತಾನೆ. ಸಂದು ಇದ್ದಲ್ಲಿ ರಾಡು ತುಂಬಿ ಮುಚ್ಚೋದು ಯಾರಿಗಾದ್ರೂ ಬರ್ತದೆ. ಆದರೆ ಆ ಜಾಗ ತಣಿಯುವಾಗ ಹೆಚ್ಚು ಕುಗ್ಗಿ ಪೈಪನ್ನೇ ಎಳೀತದೆ. ಫ್ಲಾಂಜನ್ನ ಒಂದು ಹಾಳು ಹೆಡ್ಡಿಗೆ ಬೋಲ್ಟು ಹಾಕಿ ಬಿಗಿದಿಟ್ಟಿದ್ದಾನೆ ನೋಡಿದಿರಾ? ಅದರ ಮೇಲೇ ಟ್ಯಾಕು ಹಾಕಿ, ಒಂದು ಕಡೆ ಒಂದಿಂಚು ಬೆಸೆದ್ರೆ ಎದುರು ಕಡೆ ಒಂದಿಂಚು, ಹೀಗೆ ಸರದಿ ಮೇಲೆ ಹೋಗ್ತಾನೆ. ಪೂರ್ತಿ ತಣ್ಣಗಾಗೋ ತನಕ ಬೋಲ್ಟು ಬಿಚ್ಚೋದಿಲ್ಲ. ಕೊನೆಗೆ ಫ್ಲಾಂಜಿನ ಮುಖವನ್ನ ಮೆಷಿನ್ ಶಾಪಿನಲ್ಲಿ ಮಟ್ಟ ಹೊಡೆಸೋದು.

ಎಲ್ಲಕ್ಕಿಂತ ಮುಖ್ಯ ಕಣ್ಣಿಗೆ ಕಾಣದ ಒಳಮೈ. ಮೇಲಿಂದ ಟಾರ್ಚಿನಲ್ಲಿ ಆರ್ಗನ್ ಬರ್ತದೆ ಸರಿ, ಪೈಪಿನ ಒಳಗೆ ಗಾಳಿಯೇ ಇರ್ತದಲ್ಲ? ಕಾದ ಎಸ್ಸೆಸ್ಸು ಆ ಗಾಳಿಯ ಆಮ್ಲಜನಕ ಹಿಡಿದು ಬೆಸುಗೆಯ ಹಿಂಬದಿ ಕಪ್ಪಗೆ ಕಾಳುಕಾಳಾಗಿ ಏಳ್ತದೆ. ಅದು ಗಟ್ಟಿ ಇಲ್ಲ, ಬಿರುಕು ಶುರುವಾಗೋದೇ ಅಲ್ಲಿಂದ, ಉದುರಿದ ಕಾಳು ಹೋಗೋದು ಟರ್ಬೈನಿಗೆ. ಅದಕ್ಕೇ ಅವನು ಪೈಪಿನ ಬಾಯಿಗಳನ್ನ ಟೇಪಿನಲ್ಲಿ ಮುಚ್ಚಿ, ಇನ್ನೊಂದು ಟ್ಯೂಬಿನಲ್ಲಿ ಒಳಗೂ ಆರ್ಗನ್ ಬಿಟ್ಟು, ಸ್ವಲ್ಪ ಹೊತ್ತು ಕಾದು ಆಮೇಲೆ ಬೆಸೆಯೋದು. ಸಿಲಿಂಡರ್ ಬೇಗ ಖಾಲಿಯಾಗ್ತದೆ ಅಂತ ನೀವು ಬೈದಿರಂತೆ. ಬೈಬೇಡಿ. ಪೀಣ್ಯದ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಈ ಕಸುಬು ಕಲಿತ ನಮ್ಮ ಮಲೆನಾಡಿನ ಮಕ್ಕಳು ಎಷ್ಟೋ ಜನ. ಅವರ ಕೆಲಸಕ್ಕೆ ಊರಲ್ಲಿ ‘ವೆಲ್ಡಿಂಗ್ ಹುಡುಗ’ ಅನ್ನೋ ಒಂದೇ ಹೆಸರು. ಗೇಟಿಗೆ ಗ್ರಿಲ್ಲು ಬೆಸೆಯೋದಕ್ಕೂ ಇದಕ್ಕೂ ಇರೋ ದೂರ ನಮಗೆ ಗೊತ್ತಿರಬೇಕು.

“ಆ ಚಿತ್ರದಲ್ಲಿ ಸಣ್ಣ ಪೈಪು ಒಂದು ಪಕ್ಕಕ್ಕೆ ಹೋಗ್ತದಲ್ಲ, ಅದು?”

ಅದು ವೇಸ್ಟ್‌ಗೇಟಿಗೆ. ಟರ್ಬೊ ಬೇಕಾದ್ದಕ್ಕಿಂತ ಹೆಚ್ಚು ಒತ್ತಡ ಹುಟ್ಟಿಸಬಾರದಲ್ಲ, ಹೆಚ್ಚಿನ ಹೊಗೆಯನ್ನ ಟರ್ಬೈನು ಮುಟ್ಟದ ಹಾಗೆ ಪಕ್ಕದಿಂದ ಬಿಡೋ ಬಾಗಿಲು. ನಾಲ್ಕೂ ಕೊಳವೆ ಕೂಡಿದ ಮೇಲೆ, ಹೊಗೆ ಹೋಗೋ ದಿಕ್ಕಿನಲ್ಲೇ ಓರೆಯಾಗಿ ಕೊಡಬೇಕು. ಹಿಮ್ಮುಖ ಕೊಟ್ರೆ ಬಾಗಿಲು ತೆರೆದಿದ್ರೂ ಹೊಗೆ ಆ ಕಡೆ ತಿರುಗೋದಿಲ್ಲ, ಒತ್ತಡ ಏರ್ತಾನೇ ಹೋಗ್ತದೆ.

ನಮ್ಮ ಜಿಲ್ಲೆಗೆ ಈ ವಿದ್ಯೆ ತುತ್ತತುದಿಗೆ ಮುಟ್ಟಿದ ಕಾರುಗಳೇ ಬಂದುಹೋಗಿದ್ದಾವೆ ಭಾವ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತು 2016ರಲ್ಲೂ 2017ರಲ್ಲೂ ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ರಸ್ತೆಗಳಲ್ಲೇ ನಡೀತು. ಆ ಎರಡೂ ವರ್ಷದ ಚಾಂಪಿಯನ್ನು ಗೌರವ್ ಗಿಲ್. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರು ಕ್ರೀಡಾಪಟು ಅವರೇ. ಅವರ ಸ್ಕೋಡಾ ಫೇಬಿಯಾ ಆರ್5 ಕಾರಿನ ಇಂಜಿನ್ನು ಬರೀ 1600 ಸಿಸಿ. ನಿಯಮದ ಪ್ರಕಾರ ಟರ್ಬೊ ಗಾಳಿ ಎಳೆಯೋ ಬಾಯಿಗೆ 32 ಮಿ.ಮೀ.ಯ ಬಳೆ ಹಾಕಿರ್ತಾರೆ, ಅದಕ್ಕಿಂತ ಹೆಚ್ಚು ಗಾಳಿ ಹೋಗೋ ಹಾಗಿಲ್ಲ. ಅಷ್ಟರಲ್ಲೇ 280ರ ಆಸುಪಾಸು ಅಶ್ವಶಕ್ತಿ. ಮೇಲಿನ ಆರ್‌ಪಿಎಂನಲ್ಲಿ ಗಾಳಿ ಸಿಗದ ಮೇಲೆ ಇಂಜಿನ್ನಿನ ಜೀವ ಕೆಳಗಿನ, ನಡುವಿನ ಆರ್‌ಪಿಎಂನಲ್ಲೇ. ಅಲ್ಲಿ ಟರ್ಬೊ ತಕ್ಷಣ ಏಳಬೇಕಾದ್ರೆ ಹೊಗೆ ಕೊಳವೆ ಗಿಡ್ಡ, ಬಿಗಿ. ರ‍್ಯಾಲಿ ಕಾರು ತಿರುವಿಗೆ ಬರುವಾಗ ಪಟಪಟ ಸಿಡಿಯೋ ಸದ್ದು ಕೇಳ್ತದಲ್ಲ, ಅದು ಆಂಟಿ-ಲ್ಯಾಗ್ ಅನ್ನೋ ವ್ಯವಸ್ಥೆಯದ್ದು. ಡ್ರೈವರ್ ಆಕ್ಸಿಲರೇಟರ್ ಬಿಟ್ಟಾಗಲೂ ಸ್ವಲ್ಪ ಇಂಧನ ಹೆಡರಿನೊಳಗೇ ಹೊತ್ತಿಕೊಂಡು ಟರ್ಬೈನನ್ನ ತಿರುಗಿಸ್ತಾನೇ ಇರ್ತದೆ. ಒಳಗೆ ಬೆಂಕಿ ಸಿಡೀತಿದ್ರೂ ತಡಕೊಳ್ಳಬೇಕು ಅನ್ನೋ ಕಾರಣಕ್ಕೇ ಅಂಥ ಹೆಡರುಗಳಿಗೆ ಇಂಕೊನೆಲ್ ಅನ್ನೋ, ಜೆಟ್ ಇಂಜಿನ್ನಿಗೆ ಬಳಸೋ ನಿಕ್ಕಲ್ ಲೋಹ ಹಾಕೋದುಂಟು. ನಮ್ಮ ಹುಡುಗನ ಜಿಪ್ಸಿಗೆ ಅದ್ಯಾವುದೂ ಬೇಡ.

ಒಂದು ಮಾತು ಅವನಿಗೂ ಹೇಳಿದ್ದೇನೆ, ನಿಮಗೂ ಹೇಳ್ತೇನೆ. ಈ ಗಾಡಿ ತೋಟದೊಳಗೆ, ಆಫ್‌ರೋಡ್ ಪಂದ್ಯದ ಜಾಗದಲ್ಲಿ ಮಾತ್ರ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ರೂಪ ಬದಲಾಯಿಸಿದ ಗಾಡಿಯನ್ನ ರಸ್ತೆಗೆ ಇಳಿಸೋ ಹಾಗಿಲ್ಲ. ಪಂದ್ಯಕ್ಕೆ ಲಾರಿ ಮೇಲೆ ಹಾಕಿಕೊಂಡೇ ಹೋಗಬೇಕು.

ಭಾವ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚನೆ ಮಾಡಿದರು. “ಹಂಗಾದ್ರೆ ನಮ್ಮ ಪಿಕಪ್ಪಿಗೂ ಟರ್ಬೊ ಇದ್ಯಲ್ಲ, ಏರಿನಲ್ಲಿ ಎಳೆಯೋದು ಕಮ್ಮಿ ಆಗಿದೆ. ಅದಕ್ಕೂ ಇವನ ಕೈಲೇ ಒಂದು ಕಟ್ಟಿಸಿದ್ರೆ?”

ಬೇಡ ಭಾವ. ಅದರದ್ದು ಬೀಡಿನ ಮ್ಯಾನಿಫೋಲ್ಡು, ಡೀಸೆಲ್ಲಿಗೆ ಅದೇ ಸರಿ, ನೀವೂ ನಾನೂ ಇರೋ ತನಕ ಬಾಳ್ತದೆ. ನಾಳೆ ಬೆಳಗ್ಗೆ ಸ್ಟಾರ್ಟ್ ಮಾಡುವಾಗ ನನ್ನ ಕರೀರಿ. ಇಂಜಿನ್ ತಣ್ಣಗಿದ್ದಾಗ ‘ಚಿಸ್ ಚಿಸ್’ ಅಂತ ಸದ್ದು ಬಂದು, ಬಿಸಿಯಾದ ಮೇಲೆ ನಿಲ್ತದಾ ಕೇಳೋಣ. ಹೆಡ್ಡು ಮತ್ತು ಮ್ಯಾನಿಫೋಲ್ಡಿನ ನಡುವೆ, ಟರ್ಬೊ ಕೂತ ಗ್ಯಾಸ್ಕೆಟ್ಟಿನ ಸುತ್ತ ಮಸಿ ಹಿಡಿದ ಗೆರೆ ಇದ್ಯಾ ಟಾರ್ಚು ಹಾಕಿ ನೋಡೋಣ. ಟರ್ಬೊ ಮುಟ್ಟೋಕೆ ಮುಂಚೆ ಸೋರಿದ ಹೊಗೆ ಅಷ್ಟೂ ಏರಿನಲ್ಲಿ ಕಳೆದುಹೋದ ಎಳೆತ. ತುದಿಯ ಸ್ಟಡ್ಡು ಮುರಿದಿರೋದೇ ಹೆಚ್ಚು, ಹಿಗ್ಗಿ ಕುಗ್ಗೋ ಪೆಟ್ಟೆಲ್ಲ ಬೀಳೋದು ತುದಿಗೇ. ಮುರಿದಿದ್ರೆ ಹೊಸ ಸ್ಟಡ್ಡು, ಹೊಸ ಗ್ಯಾಸ್ಕೆಟ್ಟು, ತಾಮ್ರದ ಲೇಪ ಇರೋ ನಟ್ಟು ತರಿಸಿ. ಇಂಜಿನ್ ಪೂರ್ತಿ ಆರಿದ ಮೇಲೆ ನಡುವಿನ ನಟ್ಟಿನಿಂದ ಶುರು ಮಾಡಿ ತುದಿಯ ಕಡೆಗೆ ಬಿಗೀತಾ ಹೋಗೋಣ, ಎರಡು ಸುತ್ತಿನಲ್ಲಿ.